ಸಾಲ ಬಾಕಿ ಇದ್ದರೆ ಬ್ಯಾಂಕ್, ರಕ್ಷಣಾ ಇಲಾಖೆ ಕೆಲಸದ ವೆರಿಫಿಕೇಶನ್‌ನಲ್ಲಿ ಏನಾಗುತ್ತದೆ?

ವಿಜಯನಗರದ_ಓದುಗ

ಎಲ್ಲರಿಗೂ ನಮಸ್ಕಾರ. ತಂಗಿಗೆ ಐಬಿಪಿಎಸ್ (ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನಡೆಸುವ ಸಂಸ್ಥೆ) ಕ್ಲರ್ಕ್ ಹುದ್ದೆಗೆ ತಾತ್ಕಾಲಿಕ ಹಂಚಿಕೆ ಆಗಿದೆ. ಜೊತೆಗೆ ಸಿ.ವಿ. ರಾಮನ್ ನಗರದ ಕಡೆಯ ಒಂದು ರಕ್ಷಣಾ ಪ್ರಯೋಗಾಲಯದ ಟೆಕ್ನಿಷಿಯನ್ ಆಯ್ಕೆಪಟ್ಟಿಯಲ್ಲೂ ಹೆಸರಿದೆ. ತೊಂದರೆ ಸಾಲದ್ದು. 3.8 ಲಕ್ಷದ ವಿದ್ಯಾಭ್ಯಾಸ ಸಾಲದಲ್ಲಿ ಐದು ಕಂತು ಬಾಕಿ. ಹಳೆಯ ಕ್ರೆಡಿಟ್ ಕಾರ್ಡಿನ 46,000 ರೂ. ಬಾಕಿಯನ್ನು 2022ರಲ್ಲಿ 20,000ಕ್ಕೆ ಸೆಟಲ್ ಮಾಡಿಕೊಂಡಿದ್ದಾಳೆ. "ಸಾಲ ಇದ್ದರೆ ಪೊಲೀಸ್ ವೆರಿಫಿಕೇಶನ್‌ನಲ್ಲೇ ಹೊಡೆದುಹಾಕುತ್ತಾರೆ" ಅಂತ ಒಬ್ಬರು, "ಸಿಬಿಲ್ 750 ಇದ್ದರೆ ಯಾರೂ ಕೇಳಲ್ಲ" ಅಂತ ಇನ್ನೊಬ್ಬರು. ಯಾವುದು ನಿಜ? ಯಾವ ಕಾಗದ ಯಾವಾಗ ಕೈಯಲ್ಲಿರಬೇಕು? ತಿಳಿದವರು ಬಿಡಿಸಿ ಹೇಳಿ.

ಗಾಂಧಿಬಜಾರಿನ_ಬ್ಯಾಂಕಿಗ

ಎರಡೂ ಪೂರ್ತಿ ನಿಜವಲ್ಲ ಸರ್. ಮೊದಲು ಎರಡು ಕೆಲಸಗಳನ್ನು ಬೇರೆ ಮಾಡಿ ನೋಡಿ. ಬ್ಯಾಂಕಿನವರು ನೋಡುವುದು ಸಾಲ ತೀರಿಸಿದ ದಾಖಲೆ. ಪ್ರಯೋಗಾಲಯದವರು ನೋಡುವುದು ಪೊಲೀಸ್ ಮತ್ತು ಕೋರ್ಟ್ ದಾಖಲೆ. ಎರಡನ್ನೂ ಒಂದೇ ಅಂದುಕೊಂಡರೆ ತಪ್ಪು ಜಾಗದಲ್ಲಿ ದುಡ್ಡು ಖರ್ಚು ಮಾಡುತ್ತೀರಿ.

ಬ್ಯಾಂಕಿನ ಮಾತು ಹೇಳುತ್ತೇನೆ. ಐಬಿಪಿಎಸ್ ಅಧಿಸೂಚನೆಯಲ್ಲಿ ಕ್ರೆಡಿಟ್ ಹಿಸ್ಟರಿ ಅಂತ ಒಂದು ಕಲಮು ಇರುತ್ತದೆ. ಕೆಲಸಕ್ಕೆ ಸೇರುವ ಹೊತ್ತಿಗೆ ಸಾಲದ ಚರಿತ್ರೆ ಆರೋಗ್ಯವಾಗಿರಬೇಕು. ಸಿಬಿಲ್‌ನಲ್ಲಿ, ಅಂದರೆ ಸಾಲದ ಚರಿತ್ರೆಯ ವರದಿಯಲ್ಲಿ, ಕೆಟ್ಟದಾಗಿ ಕಾಣುವ ಖಾತೆ ಇದ್ದರೆ, ಸೇರುವ ಮೊದಲು ಅದನ್ನು ಸರಿಪಡಿಸಿಕೊಂಡಿರಬೇಕು, ಇಲ್ಲವೇ ಬಾಕಿ ಇಲ್ಲ ಎಂದು ಸಾಲ ಕೊಟ್ಟವರಿಂದ ಎನ್‌ಒಸಿ ತರಬೇಕು. ಎರಡೂ ಆಗದಿದ್ದರೆ ನೇಮಕಾತಿ ಪತ್ರ ವಾಪಸ್. ಕನಿಷ್ಠ ಸ್ಕೋರ್ ಎಷ್ಟು ಎಂಬುದನ್ನು ಆಯಾ ಬ್ಯಾಂಕಿನ ನೀತಿಗೆ ಬಿಟ್ಟಿರುತ್ತಾರೆ.

ಸ್ಟೇಟ್ ಬ್ಯಾಂಕಿನ ಇತ್ತೀಚಿನ ಅಧಿಸೂಚನೆಗಳಲ್ಲಿ ಎರಡು ಬೇರೆ ಬೇರೆ ಗಡುವು ಇವೆ, ಹುಡುಗರು ಇಲ್ಲೇ ಎಡವುವುದು. ಬಾಕಿ ಕಟ್ಟಿ ಮುಗಿಸಬೇಕಾದ್ದು ಆಫರ್ ಲೆಟರ್ ಹೊರಡುವ ದಿನದೊಳಗೆ. ಸಿಬಿಲ್ ತಿದ್ದಿಸಲು ಅಥವಾ ಎನ್‌ಒಸಿ ತರಲು ಮಾತ್ರ ಸೇರುವ ದಿನದವರೆಗೆ ಸಮಯ. ಆಫರ್ ಬಂದ ಮೇಲೆ ದುಡ್ಡು ಹೊಂದಿಸೋಣ ಅಂತ ಕೂತವರಿಗೆ ಎರಡನೇ ಗಡುವು ಉಪಯೋಗಕ್ಕೆ ಬರುವುದಿಲ್ಲ.

ಹಳೆಯ ಅಧಿಸೂಚನೆಗಳ ಭಾಷೆ ಇನ್ನೂ ಬಿಗಿ ಇತ್ತು: ಸಾಲ ಮರುಪಾವತಿಯಲ್ಲಿ ಸುಸ್ತಿಯ ದಾಖಲೆ ಇದ್ದರೆ ನೇಮಕಕ್ಕೆ ಅರ್ಹರಲ್ಲ, ಅಷ್ಟೇ. ಅಂಥ ಒಂದು ಪ್ರಕರಣದಲ್ಲಿ 2025ರಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ಪರವಾಗಿಯೇ ತೀರ್ಪು ಕೊಟ್ಟಿತು. ಅಧಿಸೂಚನೆ ಬಂದ ದಿನ ಯಾವ ಬಾಕಿಯೂ ಇರಲಿಲ್ಲ ಎಂಬ ಅಭ್ಯರ್ಥಿಯ ವಾದ ನಿಲ್ಲಲಿಲ್ಲ. ಹಾಗಾಗಿ ತಂಗಿಯ ವರ್ಷದ ಅಧಿಸೂಚನೆಯನ್ನೇ ತೆಗೆದು ಆ ಕಲಮನ್ನು ಅಕ್ಷರ ಬಿಡದೆ ಓದಿ. ಕೋಚಿಂಗ್ ಸೆಂಟರಿನವರ ವಿಡಿಯೊ ನಂಬಿಕೊಂಡು ಕೂರಬೇಡಿ.

ಸಿಬಿಲ್_ಸಂಶಯ_ನಿವಾರಕ

ಸ್ಕೋರಿಗೆ ಅಂಟಿಕೊಳ್ಳಬೇಡಿ. 300ರಿಂದ 900ರ ನಡುವಿನ ಆ ಸಂಖ್ಯೆ ಸಾಲ ಕೊಡುವವರಿಗೆ ಮುಖ್ಯ. ಆಯಾ ಬ್ಯಾಂಕಿನ ಕನಿಷ್ಠ ಸ್ಕೋರ್ ದಾಟಿದ್ದರೆ, ನೇಮಕಾತಿಯವರು ಕಣ್ಣು ಹಾಯಿಸುವುದು ಖಾತೆಯ ಸ್ಥಿತಿಯ ಮೇಲೆ. 760 ಇದ್ದೂ ಒಂದು ಖಾತೆಯಲ್ಲಿ "ಸೆಟಲ್ಡ್" ಅಂತ ಕೂತಿರಬಹುದು. 690 ಇದ್ದು ಎಲ್ಲ ಖಾತೆಯೂ ಶುದ್ಧವಾಗಿರಬಹುದು. ಎರಡನೆಯವರ ಫೈಲೇ ಸಲೀಸಾಗಿ ಮುಂದೆ ಹೋಗುತ್ತದೆ. ಸಾಲವನ್ನೇ ಮಾಡದವರಿಗೆ ಸ್ಕೋರ್ ಜಾಗದಲ್ಲಿ ಸಂಖ್ಯೆ ಬರುವುದಿಲ್ಲ, ಅದು ಸುಸ್ತಿಯಲ್ಲ, ಗಾಬರಿ ಬೇಡ.

ದೇಶದಲ್ಲಿ ಇಂಥ ವರದಿ ಕೊಡುವ ನಾಲ್ಕು ಕ್ರೆಡಿಟ್ ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾಲ್ವರೂ ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ಅವರವರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಪಾವತಿ ಆ್ಯಪ್‌ಗಳಲ್ಲಿ ಬರೋದು ಸಾಮಾನ್ಯವಾಗಿ ಸ್ಕೋರ್ ಮತ್ತು ಸಾರಾಂಶ. ನಿಮಗೆ ಬೇಕಾದ ವಿವರ ಅದರಲ್ಲಿ ಸಿಗದೆ ಹೋಗಬಹುದು.

ವರದಿಯಲ್ಲಿ ಪ್ರತಿ ಸಾಲಕ್ಕೂ ಒಂದು ಚೌಕ. ಅದನ್ನು ಹೀಗೆ ಓದಿ. ಮೊದಲು "ಓನರ್‌ಶಿಪ್": ಇಂಡಿವಿಜುವಲ್, ಜಾಯಿಂಟ್, ಇಲ್ಲವೇ ಗ್ಯಾರಂಟರ್. ಮಾವನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದು ಇಲ್ಲಿ ಕಾಣುತ್ತದೆ. ಆಮೇಲೆ "ಕರೆಂಟ್ ಬ್ಯಾಲೆನ್ಸ್" ಮತ್ತು "ಅಮೌಂಟ್ ಓವರ್‌ಡ್ಯೂ". ಮೊದಲನೆಯದು ಇನ್ನೂ ಉಳಿದ ಒಟ್ಟು ಸಾಲ, ಎರಡನೆಯದು ವಾಯಿದೆ ಮೀರಿದ ಮೊತ್ತ. ಮೊದಲನೆಯದು ಎಷ್ಟಿದ್ದರೂ ತಪ್ಪಿಲ್ಲ, ಎರಡನೆಯದು ಸೊನ್ನೆ ಇರಬೇಕು. ಕೆಳಗೆ ತಿಂಗಳುವಾರು ಪಟ್ಟಿ, 36 ತಿಂಗಳವರೆಗೆ. 000 ಅಂದರೆ ಸಮಯಕ್ಕೆ ಕಟ್ಟಿದ್ದು. 030, 060, 090 ಅಂದರೆ ಅಷ್ಟು ದಿನ ತಡ. ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಅಂತಿದ್ದರೆ ಖಾತೆ ಆಗಲೇ ಎನ್‌ಪಿಎ, ಅಂದರೆ ಬ್ಯಾಂಕು ಸುಸ್ತಿ ಸಾಲ ಎಂದು ವರ್ಗೀಕರಿಸಿದ್ದು. ಕಡೆಗೆ ಸ್ಥಿತಿಯ ಸಾಲು: ರಿಟನ್ ಆಫ್ (ಬ್ಯಾಂಕು ಲೆಕ್ಕದಿಂದ ತೆಗೆದದ್ದು), ಸೆಟಲ್ಡ್ (ಕಡಿಮೆ ಮೊತ್ತಕ್ಕೆ ಮುಗಿಸಿಕೊಂಡದ್ದು), ಸೂಟ್ ಫೈಲ್ಡ್ (ಕೋರ್ಟಿನಲ್ಲಿ ದಾವೆ ಹೂಡಿದ್ದು), ವಿಲ್‌ಫುಲ್ ಡಿಫಾಲ್ಟ್ (ಬೇಕೆಂದೇ ಕಟ್ಟದ್ದು). ಈ ನಾಲ್ಕರಲ್ಲಿ ಯಾವುದಿದ್ದರೂ ವೆರಿಫಿಕೇಶನ್ ಮಾಡುವವರು ಅಲ್ಲಿಗೆ ನಿಲ್ಲುತ್ತಾರೆ.

ಕಾರ್ಡಿನ ವಿಷಯ: 46,000ಕ್ಕೆ 20,000 ಕಟ್ಟಿದ್ದಾರೆ, ಉಳಿದ 26,000 ಬ್ಯಾಂಕು ಬಿಟ್ಟುಕೊಟ್ಟ ಮೊತ್ತ. ವರದಿಯಲ್ಲಿ ಅದು ಹಾಗೆಯೇ ಇರುತ್ತದೆ. ತಂಗಿ ಈಗ ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಬೇಕು: ಬಿಟ್ಟ ಮೊತ್ತ ಕಟ್ಟುತ್ತೇನೆ, ಖಾತೆಯನ್ನು ಕ್ಲೋಸ್ಡ್ ಎಂದು ವರದಿ ಮಾಡಿ, ನೋ ಡ್ಯೂ ಪತ್ರ ಕೊಡಿ. ಬ್ಯಾಂಕು 26,000ದ ಮೇಲೆ ಬಡ್ಡಿಯನ್ನೂ ಕೇಳಬಹುದು, ಚೌಕಾಸಿಗೆ ಜಾಗ ಇದ್ದೇ ಇರುತ್ತದೆ. ಆದರೆ ಒಪ್ಪಿದ ಮೊತ್ತ, "ಪೂರ್ಣ ಪಾವತಿ" ಎಂಬ ಮಾತು, ಖಾತೆ ಸಂಖ್ಯೆ, ಎಷ್ಟು ದಿನದಲ್ಲಿ ಕ್ರೆಡಿಟ್ ಕಂಪನಿಗಳಿಗೆ ತಿಳಿಸುತ್ತಾರೆ ಎಂಬುದು, ಈ ನಾಲ್ಕೂ ಪತ್ರದಲ್ಲಿ ಬಂದ ಮೇಲೆಯೇ ದುಡ್ಡು ಕಳಿಸಿ. ವಸೂಲಿ ಏಜೆಂಟನ ಯುಪಿಐಗೆ ಒಂದು ರೂಪಾಯಿಯೂ ಬೇಡ. ಕಾರ್ಡ್ ಖಾತೆಗೋ ಸಾಲದ ಖಾತೆಗೋ ನೇರ ಜಮಾ ಆಗಬೇಕು.

ಇನ್ನೊಂದು ಸಂಗತಿ. ಹಳೆಯ ಬಾಕಿಯನ್ನು ಬ್ಯಾಂಕುಗಳು ಅಸೆಟ್ ರೀಕನ್‌ಸ್ಟ್ರಕ್ಷನ್ ಕಂಪನಿಗಳಿಗೆ (ಸುಸ್ತಿ ಸಾಲ ಕೊಂಡು ವಸೂಲಿ ಮಾಡುವವರು) ಮಾರಿಬಿಟ್ಟಿರುತ್ತವೆ. ಹಾಗಾಗಿದ್ದರೆ ಎನ್‌ಒಸಿ ಕೊಡುವ ಅಧಿಕಾರ ಕೊಂಡವರದ್ದು. ವರದಿಯಲ್ಲಿ ಈಗ ಯಾರ ಹೆಸರಿದೆ ನೋಡಿ, ಅವರಿಗೇ ಬರೆಯಿರಿ.

ಹನುಮಂತನಗರ_ಸುಧಾ

ಮೇಲಿನ ಮಾತಿಗೆ ಒಂದು ಸೇರ್ಪಡೆ. ನಮ್ಮ ಕಡೆ ಬ್ಯಾಂಕ್ ವಿಲೀನದಿಂದ ಆಗುವ ಗೊಂದಲ ಬಹಳ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಆಗ ಖಾತೆ ಸಂಖ್ಯೆ ಬದಲಾದ ಸಾಲ ಕೆಲವರ ವರದಿಯಲ್ಲಿ ಎರಡು ಸಲ ಬಂದಿರುತ್ತದೆ: ಹೊಸ ಸಂಖ್ಯೆಯಲ್ಲಿ ಸರಿಯಾಗಿ ನಡೆಯುತ್ತಿರುವ ಖಾತೆ, ಹಳೆಯ ಸಂಖ್ಯೆಯಲ್ಲಿ ಬಾಕಿ ತೋರಿಸುತ್ತಾ ನಿಂತುಬಿಟ್ಟ ಖಾತೆ. ಎನ್‌ಒಸಿ ಕೇಳುವಾಗ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಒಂದೇ ಪತ್ರದಲ್ಲಿ ನಮೂದಿಸಿಕೊಡಿ ಅಂತ ಶಾಖೆಯಲ್ಲಿ ಹೇಳಿ. ಇಲ್ಲದಿದ್ದರೆ ದಾಖಲೆ ನೋಡುವ ಗುಮಾಸ್ತರು "ಇದು ಆ ಖಾತೆಯ ಪತ್ರ ಅಲ್ಲ" ಅಂತ ವಾಪಸ್ ಕಳಿಸುತ್ತಾರೆ, ಅವರ ಕಡೆಯಿಂದ ಅದು ಸರಿಯೂ ಹೌದು.

ವಿಜಯನಗರದ_ಓದುಗ

ತುಂಬಾ ಉಪಕಾರ. ಹಾಗಾದರೆ ವಿದ್ಯಾಭ್ಯಾಸ ಸಾಲ ಪೂರ್ತಿ ತೀರಿಸಬೇಕಾ? 3.8 ಲಕ್ಷ ಒಟ್ಟಿಗೆ ಹೊಂದಿಸೋದು ಆಗದ ಮಾತು. ಒಂದು ಕಂತು ಕಟ್ಟಿದರೆ ಸಾಕು ಅಂತ ಶಾಖೆಯ ಒಬ್ಬರು ಹೇಳಿದರಂತೆ.

ಗಾಂಧಿಬಜಾರಿನ_ಬ್ಯಾಂಕಿಗ

ಪೂರ್ತಿ ತೀರಿಸಬೇಕಿಲ್ಲ. ಒಂದು ಕಂತೂ ಸಾಲದು.

90 ದಿನ ದಾಟಿದರೆ ಖಾತೆ ಎನ್‌ಪಿಎ. ಐದು ಕಂತು ಅಂದರೆ ಆ ಗೆರೆ ದಾಟಿ ಆಗಿದೆ. 2021ರ ನವೆಂಬರ್ ತಿಂಗಳ ರಿಸರ್ವ್ ಬ್ಯಾಂಕ್ ಸ್ಪಷ್ಟೀಕರಣದ ಪ್ರಕಾರ, ಅಸಲು ಮತ್ತು ಬಡ್ಡಿಯ ಎಲ್ಲ ಬಾಕಿ ಕಟ್ಟಿದ ಮೇಲೆಯೇ ಖಾತೆಯನ್ನು ಮತ್ತೆ ಸ್ಟ್ಯಾಂಡರ್ಡ್ (ಸರಿಯಾಗಿ ನಡೆಯುವ ಖಾತೆ) ಮಾಡಬಹುದು. ಮೊದಲು ಕೆಲವು ಕಡೆ ಬಡ್ಡಿ ಮಾತ್ರ ಕಟ್ಟಿಸಿಕೊಂಡು ಮೇಲೆತ್ತುತ್ತಿದ್ದರು, ಈಗ ಅದು ನಡೆಯುವುದಿಲ್ಲ. ಶಾಖೆಯವರು ಹೇಳಿದ ಒಂದು ಕಂತಿನಿಂದ ಬಾಕಿ ನಾಲ್ಕಕ್ಕೆ ಇಳಿಯುತ್ತದೆ, ಖಾತೆ ಎನ್‌ಪಿಎ ಆಗಿಯೇ ಉಳಿಯುತ್ತದೆ.

ಲೆಕ್ಕ ನೋಡಿ. 3.8 ಲಕ್ಷ, 10 ವರ್ಷ, ಶೇ 10.5 ಬಡ್ಡಿ ಅಂದರೆ ಕಂತು ಸುಮಾರು 5,130 ರೂ. ಐದು ಕಂತಿಗೆ ಸುಮಾರು 25,650. ಅದರ ಮೇಲೆ ತಡವಾದದ್ದಕ್ಕೆ ದಂಡ ಶುಲ್ಕ, ಮ್ಯಾಂಡೇಟ್ (ಖಾತೆಯಿಂದ ಕಂತು ತಾನಾಗಿ ಕಡಿತವಾಗಲು ಕೊಟ್ಟ ಒಪ್ಪಿಗೆ) ವಾಪಸಾದದ್ದಕ್ಕೆ ಶುಲ್ಕ. ನಿಮ್ಮ ಬಡ್ಡಿ ದರ ಬೇರೆ ಇರಬಹುದು, ಸ್ಟೇಟ್‌ಮೆಂಟ್ ತೆಗೆಸಿ. ಅಂತೂ ನಿಮಗೆ ಈಗ ಬೇಕಾದ್ದು 3.8 ಲಕ್ಷ ಅಲ್ಲ, ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ಕಟ್ಟುವ ದಿನ ಶಾಖೆಗೇ ಹೋಗಿ "ಇವತ್ತಿಗೆ ಓವರ್‌ಡ್ಯೂ ಎಷ್ಟು" ಅಂತ ಕೇಳಿ, ಪೈಸೆ ಸಮೇತ ಕಟ್ಟಿ. ನೆನಪಿನಿಂದ ಐದು ಕಂತಿನ ಲೆಕ್ಕ ಹಾಕಿ ವರ್ಗಾಯಿಸಿದರೆ ನೂರಿನ್ನೂರು ರೂಪಾಯಿ ಶುಲ್ಕ ಉಳಿದು ಖಾತೆ ಅಷ್ಟಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಇದು ಪದೇ ಪದೇ ಆಗುವ ತಪ್ಪು. ಮುಂದಿನ ಕಂತು ಆ ವಾರದಲ್ಲೇ ಇದ್ದರೆ ಅದನ್ನೂ ಸೇರಿಸಿ ಕಟ್ಟಿಬಿಡಿ. ಕಟ್ಟಿದ ಮೇಲೆ ಪತ್ರ ಬೇಕು. ನಡೆಯುತ್ತಿರುವ ಸಾಲಕ್ಕೆ ನೋ ಡ್ಯೂ ಸಿಗದು, ಸಿಗಬಾರದು ಕೂಡ. ಕೇಳಬೇಕಾದ್ದು: "ಇಂಥ ದಿನಾಂಕಕ್ಕೆ ಓವರ್‌ಡ್ಯೂ ಶೂನ್ಯ, ಖಾತೆ ಸ್ಟ್ಯಾಂಡರ್ಡ್ ವರ್ಗದಲ್ಲಿದೆ."

ವಿದ್ಯಾಭ್ಯಾಸ ಸಾಲ ಹೀಗೆ ಸುಸ್ತಿಯಾಗುವ ಕಾರಣವೂ ಹೆಚ್ಚಿನವರದು ಒಂದೇ. ಕೋರ್ಸು ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ಆ ರಜೆ ಮುಗಿದ ನೋಟಿಸು ಹಾಸನಕ್ಕೋ ಶಿವಮೊಗ್ಗಕ್ಕೋ, ಊರಿನ ವಿಳಾಸಕ್ಕೆ ಹೋಗುತ್ತದೆ, ಹುಡುಗಿ ಬೆಂಗಳೂರಿನ ಪಿ.ಜಿ.ಯಲ್ಲಿರುತ್ತಾಳೆ. ಸಾಲ ತಂದೆಯೊಂದಿಗೆ ಜಂಟಿಯಾಗಿದ್ದರೆ ಸುಸ್ತಿ ಇಬ್ಬರ ವರದಿಯಲ್ಲೂ ಕೂರುತ್ತದೆ. ತಂದೆಯ ಸ್ವಂತ ಬೆಳೆ ಸಾಲದ ಬಾಕಿ ಮಾತ್ರ ಮಗಳ ವರದಿಗೆ ಬರುವುದಿಲ್ಲ, ಅವಳು ಸಹಿ ಹಾಕಿಲ್ಲದಿದ್ದರೆ.

ಮೇಯೋಹಾಲ್_ವಕೀಲೆ

ಈಗ ಪ್ರಯೋಗಾಲಯದ ವಿಷಯಕ್ಕೆ ಬರೋಣ. ಕೇಂದ್ರ ಸರ್ಕಾರಿ ಹುದ್ದೆಗೆ ತುಂಬಿಸುವ ಅಟೆಸ್ಟೇಶನ್ ಫಾರಂನಲ್ಲಿ ಕೇಳುವುದು ವಾಸದ ವಿಳಾಸ, ಓದು, ಹಿಂದಿನ ಕೆಲಸ, ಮತ್ತು ನಿಮ್ಮನ್ನು ಎಂದಾದರೂ ಬಂಧಿಸಿದ್ದಾರೆಯೇ, ಪ್ರಾಸಿಕ್ಯೂಟ್ ಮಾಡಿದ್ದಾರೆಯೇ (ಕ್ರಿಮಿನಲ್ ಕೇಸು ನಡೆಸಿದ್ದಾರೆಯೇ), ಶಿಕ್ಷೆ ಆಗಿದೆಯೇ, ಯಾವುದಾದರೂ ಕೇಸು ಬಾಕಿ ಇದೆಯೇ. "ಸಾಲ ಎಷ್ಟು" ಎಂಬ ಕಲಮು ಇಲ್ಲ. ಬ್ಯಾಂಕ್ ಕಂತು ಬಾಕಿ ಉಳಿಸಿಕೊಳ್ಳುವುದು ಅಪರಾಧವಲ್ಲ, ಅದಕ್ಕೆ ಠಾಣೆಯಲ್ಲಿ ದಾಖಲೆ ಇರುವುದಿಲ್ಲ. ನಿಮಗೆ ಒಬ್ಬರು ಹೇಳಿದ "ಪೊಲೀಸರು ಹೊಡೆದುಹಾಕುತ್ತಾರೆ" ಎಂಬುದು ಅಷ್ಟರಮಟ್ಟಿಗೆ ತಪ್ಪು.

ಆದರೆ ಸಾಲ ಅಪರಾಧದ ದಾಖಲೆಗೆ ಹೋಗುವ ಎರಡು ದಾರಿಗಳಿವೆ, ಇವೆರಡನ್ನೂ ಜನ ಮರೆಯುತ್ತಾರೆ. ಒಂದು, ಚೆಕ್ ಬೌನ್ಸ್, ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಎರಡು, ಕಂತಿಗೆ ಕೊಟ್ಟ ಎನ್‌ಎಸಿಎಚ್ ಮ್ಯಾಂಡೇಟ್ ಹಣವಿಲ್ಲದೆ ವಾಪಸಾಗುವುದು, ಪಾವತಿ ವ್ಯವಸ್ಥೆಗಳ 2007ರ ಕಾಯ್ದೆಯ 25ನೇ ಕಲಂ. ಎರಡರಲ್ಲೂ ಗರಿಷ್ಠ ಎರಡು ವರ್ಷ ಜೈಲು ಅಥವಾ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಎರಡೂ ಕ್ರಿಮಿನಲ್ ಕೇಸುಗಳೇ. ಫಾರಂನ "ಪ್ರಾಸಿಕ್ಯೂಟ್" ಕಲಮಿಗೆ ಉತ್ತರ ಹೌದು ಎಂದೇ ಆಗುತ್ತದೆ.

ಕ್ರಮ ತಿಳಿದಿರಲಿ. ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ಅವರು ನೋಟಿಸು ಕೊಡಬೇಕು. ನೋಟಿಸು ಕೈಸೇರಿದ 15 ದಿನದೊಳಗೆ ನೀವು ಹಣ ಕಟ್ಟಿದರೆ ಅಪರಾಧವೇ ಹುಟ್ಟುವುದಿಲ್ಲ. ಕಟ್ಟದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಅವರು ದೂರು ಹಾಕಬಹುದು. ಆ 15 ದಿನಕ್ಕಿರುವ ಬೆಲೆ ಆಮೇಲಿನ ಯಾವ ದಿನಕ್ಕೂ ಇಲ್ಲ. ನೋಟಿಸನ್ನು "ವಕೀಲರ ಬೆದರಿಕೆ ಕಾಗದ" ಅಂತ ಕಪಾಟಿಗೆ ಹಾಕಬೇಡಿ.

ಕೇಸು ಇದೆಯೋ ಇಲ್ಲವೋ ತಿಳಿಯದವರು ಬಹಳ. ಸಮನ್ಸ್ ಹಳೆಯ ಬಾಡಿಗೆ ಮನೆಗೆ ಹೋಗಿ ವಾಪಸಾಗಿರುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ಕರ್ನಾಟಕ, ಬೆಂಗಳೂರು, ಆಮೇಲೆ ನ್ಯಾಯಾಲಯ ಸಂಕೀರ್ಣ ಆರಿಸಿ ಪಕ್ಷಕಾರರ ಹೆಸರಿನಿಂದ, ವರ್ಷದಿಂದ ಹುಡುಕಬಹುದು. ಮೇಯೋ ಹಾಲ್ ಒಂದನ್ನೇ ನೋಡಿ ಸುಮ್ಮನಾಗಬೇಡಿ, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳನ್ನೂ ನೋಡಿ. ಹೆಸರಿನ ಕಾಗುಣಿತ ಮೂರು ನಾಲ್ಕು ಥರ ಹಾಕಿ ನೋಡಿ, ಇನಿಷಿಯಲ್ ಮುಂದೆ ಒಮ್ಮೆ, ಹಿಂದೆ ಒಮ್ಮೆ. ಸಾಲ ಕೊಟ್ಟ ಕಂಪನಿ ಮುಂಬೈ, ಚೆನ್ನೈನಲ್ಲಿ ಕೇಸು ಹಾಕಿರುವುದೂ ಉಂಟು, ಆ ಊರುಗಳಲ್ಲೂ ಹುಡುಕಿ.

ಕೇಸು ಸಿಕ್ಕರೆ ರಾಜಿ ಮಾಡಿಕೊಳ್ಳಿ. 147ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ, ಲೋಕ ಅದಾಲತ್‌ನಲ್ಲೂ ಮುಗಿಸಬಹುದು. ರಾಜಿಯಾದರೆ ಅದರ ಪರಿಣಾಮ ಖುಲಾಸೆಯೇ. ಆದರೂ ಫಾರಂನಲ್ಲಿ "ಇಲ್ಲ" ಅಂತ ಬರೆಯುವಂತಿಲ್ಲ. ಪ್ರಶ್ನೆ "ಎಂದಾದರೂ" ಎಂದಿರುತ್ತದೆ. ಕೇಸಿನ ಸಿ.ಸಿ. ಸಂಖ್ಯೆ, ಕೋರ್ಟು, ಕಲಂ, ಮುಗಿದ ದಿನಾಂಕ ಬರೆದು ಆದೇಶದ ದೃಢೀಕೃತ ಪ್ರತಿ ಲಗತ್ತಿಸಿ. ಮಾಹಿತಿ ಮುಚ್ಚಿಟ್ಟರೆ ಅನರ್ಹತೆ ಎಂದು ಫಾರಂನ ತಲೆಯ ಮೇಲೆಯೇ ಎಚ್ಚರಿಕೆ ಅಚ್ಚಾಗಿರುತ್ತದೆ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಕ್ಷುಲ್ಲಕ ಪ್ರಕರಣ ಮುಚ್ಚಿಟ್ಟಿದ್ದನ್ನು ನೇಮಕಾತಿ ಅಧಿಕಾರಿ ಮನ್ನಿಸಬಹುದು, ಆದರೆ ಅದು ಅವರ ವಿವೇಚನೆ. ಮುಗಿದ ಕೇಸನ್ನು ನೀವೇ ನಿಜವಾಗಿ ಹೇಳಿದ್ದರೂ ಅವರು ಹಿನ್ನೆಲೆ ಪರಿಗಣಿಸಬಹುದು. ಆಗ ಫೈಲಿನಲ್ಲಿ ಇರುವುದು ತೀರಿಹೋದ ಒಂದು ಹಣದ ವ್ಯವಹಾರ ಮಾತ್ರ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅದೇ ಫೈಲಿಗೆ ಸುಳ್ಳೂ ಸೇರಿಕೊಳ್ಳುತ್ತದೆ.

ಫಾರಂ ಕೊಟ್ಟ ಮೇಲೆ ಹೊಸ ಕೇಸು ಬಂದರೂ ತಕ್ಷಣ ತಿಳಿಸಬೇಕು. ಈ ಸಾಲು ಫಾರಂನಲ್ಲೇ ಇದೆ, ಯಾರೂ ಓದುವುದಿಲ್ಲ.

ಪೀಣ್ಯ_ಆಡಳಿತ_ವಿಭಾಗ

ಕೆಲಸ ಸಿಕ್ಕ ಮೇಲೆ ಮುಗಿಯಿತು ಅಂದುಕೊಳ್ಳಬಾರದು. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964, ನಿಯಮ 17: ನೌಕರರು ಸದಾ ಸಾಲದಲ್ಲಿ ಮುಳುಗಿರದಂತೆ, ದಿವಾಳಿಯಾಗದಂತೆ ತಮ್ಮ ವ್ಯವಹಾರ ನಡೆಸಬೇಕು. ಸಾಲ ವಸೂಲಿಗೆ ಯಾರಾದರೂ ಕಾನೂನು ಕ್ರಮ ಹೂಡಿದರೆ ಕೂಡಲೇ ಪೂರ್ಣ ವಿವರ ಇಲಾಖೆಗೆ ಕೊಡಬೇಕು. ಸಾಲ ಕೈಮೀರಿದ್ದು ದುಂದುಗಾರಿಕೆಯಿಂದಲ್ಲ, ತಡೆಯಲಾಗದ ಪರಿಸ್ಥಿತಿಯಿಂದ ಎಂದು ತೋರಿಸುವ ಹೊಣೆ ನೌಕರನದೇ. ಆಸ್ಪತ್ರೆ ಬಿಲ್ಲು, ಮನೆಯವರ ಕೆಲಸ ಹೋದ ಪತ್ರ ಎಲ್ಲ ಜೋಪಾನವಾಗಿಟ್ಟುಕೊಳ್ಳಬೇಕಾದ್ದು ಇದಕ್ಕೇ.

ನಿಯಮ 16 ಯಾರಿಂದ ಸಾಲ ಪಡೆಯಬಾರದು ಎಂದು ಹೇಳುತ್ತದೆ. ಬ್ಯಾಂಕು ಸರಿ. ನಿಮ್ಮೊಂದಿಗೆ ಕಚೇರಿ ವ್ಯವಹಾರ ಇರುವ ಗುತ್ತಿಗೆದಾರ, ಸರಬರಾಜುದಾರನಿಂದ ಕೈಸಾಲ ಕೂಡದು. ಗೌಪ್ಯ ಕೆಲಸದ ಜಾಗದಲ್ಲಿ ಸಾಲಕ್ಕೆ ಇಷ್ಟು ಗಮನ ಕೊಡುವುದೇ ಈ ಭಯದಿಂದ. ಕಂತಿಗೆ ಒದ್ದಾಡುತ್ತಿರುವವನ ಮುಂದೆ ಒಂದು ಡ್ರಾಯಿಂಗ್ ಪ್ರತಿಗೆ ಎರಡು ಲಕ್ಷ ಇಟ್ಟರೆ ಏನಾಗಬಹುದು ಎಂಬುದು ಭದ್ರತಾ ಅಧಿಕಾರಿಯ ಪ್ರಶ್ನೆ. ಅವರಿಗೆ ಸಾಲದ ಗಾತ್ರಕ್ಕಿಂತ ಅದು ಹಿಡಿತದಲ್ಲಿದೆಯೇ, ಗುಟ್ಟಾಗಿದೆಯೇ ಎಂಬುದು ಮುಖ್ಯ.

ಬೆಂಗಳೂರಿನಲ್ಲಿ ಹೊಸ ನೌಕರರು ಸಿಕ್ಕಿಬೀಳುವ ಜಾಗ ಜಾಮೀನು. ಚೀಟಿ ಕಂಪನಿಯವರು ಬಹುಮಾನದ ಹಣ ಬಿಡುಗಡೆ ಮಾಡಲು ಸಂಬಳ ಚೀಟಿ ಇರುವ ಸರ್ಕಾರಿ ನೌಕರರ ಜಾಮೀನು ಕೇಳುತ್ತಾರೆ. ಕ್ಯಾಂಟೀನಿನಲ್ಲಿ ಪರಿಚಯವಾದವರು "ಒಂದು ಸಹಿ ಅಷ್ಟೇ ಸಾರ್" ಅನ್ನುತ್ತಾರೆ. ಅವರು ಕಟ್ಟದಿದ್ದರೆ ಚೀಟಿ ನಿಧಿ ಕಾಯ್ದೆ 1982ರ 64ನೇ ಕಲಂ ಅಡಿ ವಿವಾದ ನೋಂದಣಾಧಿಕಾರಿ ಮುಂದೆ ಹೋಗಿ, ಆದೇಶವಾದ ಮೇಲೆ ವಸೂಲಿ ನಿಮ್ಮ ಸಂಬಳಕ್ಕೆ ಬರುತ್ತದೆ. ಸಹಕಾರ ಸಂಘದ ಸಾಲಕ್ಕೂ ಇದೇ ಗತಿ. ಸಿವಿಲ್ ಡಿಕ್ರಿಯಲ್ಲಿ ಸಂಬಳ ಜಪ್ತಿಯಾದರೆ ಮೊದಲ 1,000 ರೂ. ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಆದರೂ ಜಪ್ತಿ ಆದೇಶ ಸಂಬಳ ಶಾಖೆಗೆ ಬಂದ ದಿನವೇ ನಿಯಮ 17ರ ಫೈಲೂ ತೆರೆದುಕೊಳ್ಳಬಹುದು. ಅದು ಬರುವ ಮೊದಲೇ ನೀವು ಬರೆದು ತಿಳಿಸಿದ್ದರೆ ಮಾತೇ ಬೇರೆ.

ಕೋರಮಂಗಲ_ಶ್ರೀನಿಧಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಅಕ್ಕನ ಮಗ ಅಮೆರಿಕದ ಪ್ರಜೆ, ಅಲ್ಲಿ ರಕ್ಷಣಾ ಗುತ್ತಿಗೆ ಕಂಪನಿಯೊಂದರ ಕೆಲಸಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್ (ಗೌಪ್ಯ ಕೆಲಸಕ್ಕೆ ಬೇಕಾದ ಭದ್ರತಾ ಅನುಮತಿ) ಅರ್ಜಿ ತುಂಬುತ್ತಿದ್ದಾನೆ. ಭಾವನ ಜೊತೆ ಸರ್ಜಾಪುರ ರಸ್ತೆಯ ಫ್ಲಾಟ್ ಸಾಲಕ್ಕೆ ಅವನೂ ಸಹಸಾಲಗಾರ, ಅದರಲ್ಲಿ ಕಂತು ತಪ್ಪಿವೆ. ಇಲ್ಲಿಯ ಸಾಲ ಅಲ್ಲಿಗೆ ಗೊತ್ತಾಗಲ್ಲ, ಬರೆಯೋದು ಬೇಡ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಬನಶಂಕರಿ_ಕಾಂಪ್ಲಯನ್ಸ್

ದಯವಿಟ್ಟು ಆ ಸಲಹೆ ತೆಗೆದುಕೊಳ್ಳಬೇಡಿ ಎಂದು ಅವನಿಗೆ ಇವತ್ತೇ ಹೇಳಿ.

ಅಲ್ಲಿಯ ಅರ್ಜಿ ಎಸ್‌ಎಫ್-86. ಅದರ 26ನೇ ವಿಭಾಗ ಹಣಕಾಸಿನದು. ಕಳೆದ 7 ವರ್ಷಗಳಲ್ಲಿ ದಿವಾಳಿ, ತೆರಿಗೆ ಬಾಕಿ, ರದ್ದಾದ ಅಥವಾ ಚಾರ್ಜ್ ಆಫ್ ಆದ (ಸಾಲ ಕೊಟ್ಟವರು ನಷ್ಟವೆಂದು ಬರೆದ) ಖಾತೆ, 120 ದಿನ ಮೀರಿ ತಡವಾದ ಸಾಲ, ಈಗಲೂ 120 ದಿನ ಮೀರಿ ನಿಂತಿರುವ ಸಾಲ, ಎಲ್ಲ ಕೇಳುತ್ತದೆ. ಸಹಸಾಲಗಾರನಾಗಿ, ಜಾಮೀನುದಾರನಾಗಿ ಹೊತ್ತ ಹೊಣೆಗಳನ್ನೂ ಸೇರಿಸಿ ಎಂದು ಅದೇ ಸ್ಪಷ್ಟವಾಗಿ ಹೇಳುತ್ತದೆ. ಅಮೆರಿಕದ ಸಾಲ ಮಾತ್ರ ಎಂದಿಲ್ಲ. ಸರ್ಜಾಪುರದ ಕಂತು 120 ದಿನ ದಾಟಿದ್ದರೆ ಅದು ಅಲ್ಲಿ ಬರಲೇಬೇಕು. ಫ್ಲಾಟಿನಲ್ಲಿ ಅವನಿಗೂ ಪಾಲಿದ್ದರೆ ವಿದೇಶಿ ಆಸ್ತಿ ಕೇಳುವ 20ಎ ವಿಭಾಗದಲ್ಲೂ ಬರಬೇಕು.

ಕ್ಲಿಯರೆನ್ಸ್ ಕೊಡುವ ನಿರ್ಧಾರದ ಮಾನದಂಡ ಸೀಡ್-4 ಎಂಬ ಅಮೆರಿಕ ಸರ್ಕಾರದ ನಿರ್ದೇಶನ, 2017ರ ಜೂನ್ 8ರಿಂದ ಜಾರಿಯಲ್ಲಿದೆ. ಅದರಲ್ಲಿ ಎ ಇಂದ ಎಂ ವರೆಗೆ 13 ಮಾರ್ಗಸೂಚಿಗಳು, ಹಣಕಾಸಿನದು ಎಫ್. ಇಷ್ಟು ಡಾಲರ್ ದಾಟಿದರೆ ಇಲ್ಲ ಎಂಬ ಮಿತಿ ಎಲ್ಲೂ ಇಲ್ಲ. ಕಟ್ಟಲು ಶಕ್ತಿ ಇಲ್ಲವೋ, ಶಕ್ತಿ ಇದ್ದೂ ಮನಸ್ಸಿಲ್ಲವೋ, ಜೂಜೋ, ಆದಾಯಕ್ಕೆ ಮೀರಿದ ಖರ್ಚೋ, ತೆರಿಗೆ ರಿಟರ್ನ್ ಸಲ್ಲಿಸಿಲ್ಲವೋ ಎಂದು ನೋಡುತ್ತಾರೆ. ರಿಟರ್ನ್ ಸಲ್ಲಿಸದಿರುವುದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಮೂಲ ತಿಳಿಯದ ಸಿರಿವಂತಿಕೆಯೂ ಎಫ್ ಅಡಿಯಲ್ಲೇ ಬರುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಪರಿಹಾರದ ದಾರಿಗಳೂ ಇವೆ. ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನ, ವ್ಯಾಪಾರ ಬಿದ್ದದ್ದು ಇಂಥ ಕೈಮೀರಿದ ಕಾರಣ ಇದ್ದು, ಆ ಸ್ಥಿತಿಯಲ್ಲೂ ಜವಾಬ್ದಾರಿಯಿಂದ ನಡೆದುಕೊಂಡಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಮಾನ್ಯ ಸಂಸ್ಥೆಯಿಂದ ಸಾಲ ಸಲಹೆ ಪಡೆದು ಪರಿಸ್ಥಿತಿ ಹಿಡಿತಕ್ಕೆ ಬರುತ್ತಿದ್ದರೆ, ಸಾಲ ಕೊಟ್ಟವರೊಂದಿಗೆ ಒಪ್ಪಂದ ಮಾಡಿಕೊಂಡು ಪ್ರಾಮಾಣಿಕವಾಗಿ ಕಟ್ಟುತ್ತಿದ್ದರೆ, ಸಾಲವೇ ತನ್ನದಲ್ಲ ಎನ್ನಲು ದಾಖಲೆ ಇದ್ದರೆ ಅದೂ ಬರುತ್ತದೆ. "ಮುಂದೆ ಕಟ್ಟುತ್ತೇನೆ" ಎಂಬ ಮಾತಿಗೆ ತೂಕ ಕಡಿಮೆ, ಆರೆಂಟು ತಿಂಗಳು ಕಟ್ಟಿದ ರಸೀದಿಗಳಿಗೆ ತೂಕ ಹೆಚ್ಚು. ಸಾಲ ಕಾಲಮಿತಿ ಮೀರಿತು, ಬ್ಯಾಂಕೇ ಲೆಕ್ಕದಿಂದ ತೆಗೆದುಹಾಕಿತು ಎಂದು ಕೈತೊಳೆದುಕೊಳ್ಳುವುದನ್ನು ಪ್ರಾಮಾಣಿಕ ಪ್ರಯತ್ನ ಎಂದು ಒಪ್ಪುವುದಿಲ್ಲ.

ಮುಚ್ಚಿಟ್ಟರೆ ಏನು? ಆಗ ವಿಷಯ ಎಫ್ ಬಿಟ್ಟು ನಡತೆಯ ಮಾರ್ಗಸೂಚಿ ಇ ಗೆ ಹೋಗುತ್ತದೆ. ಸಾಲವನ್ನು ಕಟ್ಟಿ ಸರಿಮಾಡಬಹುದು, ಸಹಿ ಹಾಕಿದ ಸುಳ್ಳನ್ನು ಸರಿಮಾಡುವುದು ಬಲು ಕಷ್ಟ. ತಿಳಿದೂ ಸುಳ್ಳು ಹೇಳುವುದು ಅಲ್ಲಿಯ ಫೆಡರಲ್ ಕಾನೂನಿನಲ್ಲಿ ಅಪರಾಧ, 5 ವರ್ಷದವರೆಗೆ ಜೈಲು. ಇನ್ನು "ಗೊತ್ತಾಗಲ್ಲ" ಎಂಬುದು: ಅಲ್ಲಿಯ ಕ್ರೆಡಿಟ್ ವರದಿಯಲ್ಲಿ ನಮ್ಮ ಸಿಬಿಲ್ ಕಾಣದೇ ಇರಬಹುದು. ಆದರೆ ಸಂದರ್ಶನ ಮಾಡುವ ತನಿಖಾಧಿಕಾರಿ ಭಾರತದ ಬಂಧುಗಳ ಬಗ್ಗೆ, ಇಲ್ಲಿಗೆ ಕಳಿಸಿದ ಹಣದ ಬಗ್ಗೆ ಕೇಳಿಯೇ ಕೇಳುತ್ತಾರೆ. ತಿಂಗಳು ತಿಂಗಳು ಕಂತಿಗೆ ಬಂದ ವರ್ಗಾವಣೆ ಅವನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೇ ಇರುತ್ತದೆ.

ಈಗ ಮಾಡಬೇಕಾದ್ದು: ಸಾಲದ ಬ್ಯಾಂಕಿನಿಂದ ಪೂರ್ತಿ ಸ್ಟೇಟ್‌ಮೆಂಟ್, ಬಾಕಿ ತೀರಿದ್ದರೆ ಆ ಪತ್ರ, ತೀರದಿದ್ದರೆ ಮರುಪಾವತಿ ಒಪ್ಪಂದ. ಕನ್ನಡದಲ್ಲಿರುವ ಕಾಗದಕ್ಕೆ ದೃಢೀಕೃತ ಇಂಗ್ಲಿಷ್ ಅನುವಾದ. ಯಾಕೆ ತಪ್ಪಿತು ಎಂಬುದಕ್ಕೆ ಒಂದು ಪುಟದ ವಿವರಣೆ, ದಿನಾಂಕಗಳೊಂದಿಗೆ. ಕ್ಲಿಯರೆನ್ಸ್ ಯಾಕೆ ಕೊಡಲಾಗದು ಎಂಬ ಕಾರಣ ಪತ್ರ ಬಂದರೆ ಗುತ್ತಿಗೆ ಕಂಪನಿಯ ನೌಕರರಿಗೆ ಉತ್ತರಿಸಲು 20 ದಿನ, ವಿಚಾರಣೆ ಬೇಕೋ ಬರಹದ ದಾಖಲೆ ಮೇಲೆ ತೀರ್ಮಾನ ಸಾಕೋ ಎಂದು ಅದರಲ್ಲೇ ಹೇಳಬೇಕು. 20 ದಿನದಲ್ಲಿ ಬೆಂಗಳೂರಿನ ಶಾಖೆಯಿಂದ ಕಾಗದ ತರಿಸುವುದು ಕಷ್ಟ, ಅದಕ್ಕೇ ಮೊದಲೇ ತರಿಸಿಡಿ. ಕ್ಲಿಯರೆನ್ಸ್ ಬಂದ ಮೇಲೂ 120 ದಿನ ಮೀರಿದ ಬಾಕಿ, ದಿವಾಳಿ ಎಲ್ಲವನ್ನೂ ತಾನೇ ವರದಿ ಮಾಡಬೇಕು. ಈಗ ಅಲ್ಲಿ ಪರಿಶೀಲನೆ ನಿರಂತರ ನಡೆಯುತ್ತದೆ.

ಕೋರಮಂಗಲ_ಶ್ರೀನಿಧಿ

ಧನ್ಯವಾದ ಸರ್. ಅವನಿಗೆ ಇದನ್ನೇ ಕಳಿಸಿದೆ.

ವಿಜಯನಗರದ_ಓದುಗ

ಒಂದು ಕೊನೆಯ ಸಂಶಯ. ಬಾಕಿ ಕಟ್ಟಿ ಪತ್ರ ತಂದರೂ ವರದಿ ಬದಲಾಗದಿದ್ದರೆ? ರಾಜಾಜಿನಗರದಲ್ಲಿ ಒಬ್ಬರು 15,000 ತೆಗೆದುಕೊಂಡು ಸಿಬಿಲ್ ಕ್ಲೀನ್ ಮಾಡಿಸಿಕೊಡುತ್ತಾರಂತೆ.

ಸಿಬಿಲ್_ಸಂಶಯ_ನಿವಾರಕ

ಆ 15,000 ಕಾರ್ಡಿನ ಬಾಕಿಗೆ ಕಟ್ಟಿ. ವರದಿಯಲ್ಲಿರುವುದನ್ನು ಬದಲಿಸಲು ಸಾಲ ಕೊಟ್ಟವರು ಒಪ್ಪಬೇಕು, ಹೊರಗಿನ ಯಾರಿಗೂ ಆ ಅಧಿಕಾರ ಇಲ್ಲ. ಅವರು ಮಾಡುವುದು ನೀವೇ ಉಚಿತವಾಗಿ ಹಾಕಬಹುದಾದ ತಕರಾರು ಅರ್ಜಿ.

2025ರ ಜನವರಿಯಿಂದ ಬ್ಯಾಂಕುಗಳು ಕ್ರೆಡಿಟ್ ಕಂಪನಿಗಳಿಗೆ ತಿಂಗಳಿಗೆ ಕನಿಷ್ಠ ಎರಡು ಸಲ ಮಾಹಿತಿ ಕಳಿಸಬೇಕು. ಹಾಗಾಗಿ ಕಟ್ಟಿ ಮೂರು ವಾರ ಕಾಯಿರಿ. ಬದಲಾಗದಿದ್ದರೆ ಕ್ರೆಡಿಟ್ ಕಂಪನಿಯ ತಾಣದಲ್ಲಿ ತಕರಾರು ಹಾಕಿ, ರಸೀದಿ, ಪತ್ರ ಲಗತ್ತಿಸಿ. ಅದೇ ದಿನ ಬ್ಯಾಂಕಿನ ನೋಡಲ್ ಅಧಿಕಾರಿಗೂ ಇಮೇಲ್ ಕಳಿಸಿ. ಬ್ಯಾಂಕಿಗೆ 21 ದಿನ, ಒಟ್ಟು ಪರಿಹಾರಕ್ಕೆ 30 ದಿನ. ಅದು ಮೀರಿದರೆ ದಿನಕ್ಕೆ 100 ರೂ. ಪರಿಹಾರ ನಿಮಗೆ ಬರಬೇಕು, ಈ ನಿಯಮ 2024ರ ಏಪ್ರಿಲ್‌ನಿಂದ ಇದೆ. 30 ದಿನವಾದರೂ ಉತ್ತರ ಇಲ್ಲದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ (ದೂರು ಸಲ್ಲಿಸುವ ತಾಣ) ಒಂಬುಡ್ಸ್‌ಮನ್‌ಗೆ, ಅಂದರೆ ದೂರು ತೀರ್ಮಾನಿಸುವ ಅಧಿಕಾರಿಗೆ, ದೂರು. ಸಂದೇಹ ಇದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಕರೆ ಮಾಡಿ ಕೇಳಿ. ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಓಡುವ ಅಗತ್ಯ ಇಲ್ಲ.

ಹಿಂದಿನ ತಿಂಗಳುಗಳ 090, 120 ಅಳಿಸಿಹೋಗುವುದಿಲ್ಲ, ಅದು ನಡೆದ ಚರಿತ್ರೆ. ಬದಲಾಗಬೇಕಾದ್ದು ಈಗಿನ ಸ್ಥಿತಿ ಮತ್ತು ಓವರ್‌ಡ್ಯೂ. ಈ ನಡುವೆ ಬಾಕಿ ಕಟ್ಟಲು ಲೋನ್ ಆ್ಯಪ್‌ನಿಂದ ಸಾಲ ಎತ್ತಬೇಡಿ, ಹೊಸ ಎನ್‌ಕ್ವೈರಿ (ಸಾಲಕ್ಕೆ ಅರ್ಜಿ ಹಾಕಿದ ದಾಖಲೆ), ಹೊಸ ಖಾತೆ ಎರಡೂ ವರದಿಗೆ ಬಂದು ಕೂರುತ್ತವೆ. "ಈಗ ಕೊಳ್ಳಿ, ಆಮೇಲೆ ಕೊಡಿ" ಆ್ಯಪ್‌ಗಳಲ್ಲಿ ಮರೆತ 300 ರೂ., ಬಳಸದ ಕಾರ್ಡಿನ ವಾರ್ಷಿಕ ಶುಲ್ಕ, ಇವನ್ನೂ ನೋಡಿ. ಮೊತ್ತ ಸಣ್ಣದಾದರೂ ತಡವಾದ ದಿನಗಳ ಲೆಕ್ಕ ಅಷ್ಟೇ ಉದ್ದ.

ಗಾಂಧಿಬಜಾರಿನ_ಬ್ಯಾಂಕಿಗ

ಇನ್ನೊಂದು ಮಾತು ಸೇರಿಸುತ್ತೇನೆ. ಸೇರುವ ದಿನ ದಾಖಲೆ ಮೇಜಿನ ಮುಂದೆ ವರದಿ ಇನ್ನೂ ಬದಲಾಗಿಲ್ಲದೇ ಇರಬಹುದು, ಆಗ ಕೈಹಿಡಿಯುವುದು ಪತ್ರವೇ. ಬ್ಯಾಂಕಿನ ಲೆಟರ್‌ಹೆಡ್, ವಸೂಲಿ ಏಜೆನ್ಸಿಯದಲ್ಲ. ವರದಿಯಲ್ಲಿ ಇರುವ ಹಾಗೆಯೇ ಖಾತೆ ಸಂಖ್ಯೆ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿರುವ ಹಾಗೆಯೇ ಹೆಸರು. ಸಹಿ ಮಾಡಿದವರ ಹೆಸರು, ಹುದ್ದೆ, ನೌಕರ ಸಂಖ್ಯೆ, ಶಾಖೆಯ ಸೀಲು, ದಿನಾಂಕ. ಕಾರ್ಡಿನದು ಇಮೇಲ್‌ನಲ್ಲೇ ಬರುವುದರಿಂದ ಬಂದ ಇಮೇಲ್‌ನ ಮುದ್ರಿತ ಪ್ರತಿಯನ್ನೂ ಪಿಡಿಎಫ್ ಜೊತೆ ಪಿನ್ ಮಾಡಿ. ಮೂಲ ಪ್ರತಿ ತೋರಿಸಿ, ನಕಲು ಕೊಟ್ಟು, ನಿಮ್ಮ ಇನ್ನೊಂದು ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.